ಅಳಿಸಬಾರದ ಪ್ರಶ್ನೆ

ಸುಲೋಚನಳ ಎಡಗೈಯ ಕಿರುಬೆರಳು ಕೀಲಿಮಣೆಯ ಮೇಲೆ ಎಂದೂ ಇಳಿಯುತ್ತಿರಲಿಲ್ಲ. ಉಳಿದ ಬೆರಳುಗಳು ಸರಸರನೆ ಓಡಾಡುತ್ತಿದ್ದರೆ ಅದೊಂದು ಮಾತ್ರ, ಎಲ್ಲರ ಜೊತೆ ಊಟಕ್ಕೆ ಕೂರದೆ ಮುನಿಸಿಕೊಂಡು ನಿಂತ ಮಗುವಿನ ಹಾಗೆ ಸೆಟೆದು ನಿಂತಿರುತ್ತಿತ್ತು. ನನ್ನ ಮಗಳು ಚಂಪಾ ಮೊದಲ ದಿನವೇ ಅದನ್ನು ಕಂಡುಹಿಡಿದಳು.

"ಆಂಟಿ, ನಿಮ್ಮ ಆ ಬೆರಳು ಯಾಕೆ ಬಗ್ಗಲ್ಲ?"

"ಅದಕ್ಕೆ ಸೊಕ್ಕು ಕಣೇ. ನನ್ನ ಮಾತೇ ಕೇಳಲ್ಲ," ಎಂದಳು ಸುಲೋಚನ.

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಮುರಿದು, ಕಟ್ಟು ಹಾಕಿಸದೆ, ತಾನಾಗಿಯೇ ಅಡ್ಡಾದಿಡ್ಡಿ ಕೂಡಿಕೊಂಡ ಮೂಳೆ ಹೇಗಿರುತ್ತದೆಂದು ನೋಡಿದವರಿಗೆ ತಿಳಿಯುತ್ತದೆ.

ಆ ಕಾಲಕ್ಕೆ ನಾನು ಮನೆಯಲ್ಲೇ ಕುಳಿತು ಊರಿನ ಸಣ್ಣಪುಟ್ಟ ಅಂಗಡಿಗಳಿಗೆ ಜಾಲತಾಣ ಮಾಡಿಕೊಡುತ್ತಿದ್ದೆ. ಚಂಪಾ ಶಾಲೆಗೆ ಹೋದ ಮೇಲೆ, ಅನ್ನಕ್ಕಿಟ್ಟು ಕುಕ್ಕರ್ ಕೂಗುವ ತನಕ ಸಿಗುವ ಹೊತ್ತಿನಲ್ಲಿ ಕಲಿತ ಕೆಲಸ ಅದು. ಕಲಿಸಿದ್ದು 'ಅಂಗಳ'. ಮನೆ ಮುಂದೆ ಸಾರಿಸಿ ರಂಗೋಲಿ ಹಾಕುವ ಅಂಗಳವಲ್ಲ. ಜಾಲತಾಣ ಕಟ್ಟುವವರು ಕನ್ನಡದಲ್ಲಿ ಒಬ್ಬರನ್ನೊಬ್ಬರು ಕೇಳಿ, ಹೇಳಿ, ಕೆಲಸದ ಒಳ್ಳೆಯ ಪದ್ಧತಿಗಳನ್ನು ಹಂಚಿಕೊಳ್ಳುತ್ತಿದ್ದ ಅಂತರ್ಜಾಲದ ಕೂಟ. ದೂರದ ಊರೊಂದರಲ್ಲಿದ್ದ ಪದ್ಮನಾಭ ಸರ್ ಅದನ್ನು ನಡೆಸುತ್ತಿದ್ದರು. ನಿವೃತ್ತ ಮೇಷ್ಟ್ರು, ಶಿಸ್ತು ಅವರ ರಕ್ತದಲ್ಲಿತ್ತು. ಪ್ರಶ್ನೆ ಕೇಳುವವರು ಕೋಡಿನ ಇಡೀ ಪುಟವನ್ನು ಹಾಕಬೇಕು, ತುಂಡು ಹಾಕಿದರೆ ಉತ್ತರವಿಲ್ಲ. ಅಂಗಡಿಯ ಹೆಸರು, ಫೋನ್ ನಂಬರು ಮರೆಸಿ ಹಾಕಬೇಕು. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಒಮ್ಮೆ ಉತ್ತರ ಸಿಕ್ಕ ಪ್ರಶ್ನೆಯನ್ನು ಕೇಳಿದವರೂ ಅಳಿಸುವಂತಿಲ್ಲ. "ನಿಮ್ಮ ಪ್ರಶ್ನೆ ನಿಮ್ಮೊಬ್ಬರದಲ್ಲ. ನಾಳೆ ಅದೇ ಕಲ್ಲಿಗೆ ಎಡವುವವನದೂ ಹೌದು," ಎಂದು ಅಂಗಳದ ನೆತ್ತಿಯ ಮೇಲೆ ಬರೆದು ಹಾಕಿದ್ದರು.

ಅಂಗಳದಲ್ಲಿ ನನಗೆ ಹೆಚ್ಚು ಹಿಡಿಸಿದವರು 'ಹಳೇ ಗೆಳೆಯ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು. ಯಾರ ನಿಜವಾದ ಹೆಸರೂ ಅಲ್ಲಿ ಬೇಕಾಗಿರಲಿಲ್ಲ. ನಾನು 'ಚಂಪಾಳ ಅಮ್ಮ' ಆಗಿದ್ದೆ. ಉಳಿದವರು ನನ್ನ ಪೆದ್ದು ಪ್ರಶ್ನೆಗಳಿಗೆ ಸಿಡುಕುತ್ತಿದ್ದರೆ ಹಳೇ ಗೆಳೆಯ ಮಾತ್ರ ಸಾವಧಾನವಾಗಿ ಉತ್ತರಿಸುತ್ತಿದ್ದರು. ಒಮ್ಮೆ ನನ್ನ ಪುಟವೊಂದು ಪೂರಾ ಚೆದುರಿಹೋಗಿ ನಾನು ಅಳುವ ಹಾಗಾಗಿದ್ದಾಗ ಅವರು ಬರೆದಿದ್ದರು: "ಅಮ್ಮಾ, ಮಗು ಮಲಗಿದ ಮೇಲೆ ನಿಧಾನವಾಗಿ ನೋಡಿ. ತಪ್ಪು ಎಲ್ಲರಿಗೂ ಆಗುತ್ತೆ. ತಿದ್ದೋ ಕೈ ಮೆತ್ತಗಿರಬೇಕು, ಅಷ್ಟೆ." ಚಂಪಾಳಿಗೆ ಮುಂದೆ ಇಂಥ ಮೇಷ್ಟ್ರೇ ಸಿಗಲಿ ಎಂದುಕೊಂಡಿದ್ದೆ.

ಸುಲೋಚನಳನ್ನು ನನ್ನ ಬಳಿ ಕಳಿಸಿದ್ದು ಬೇಕರಿಯ ಜೂಲಿಯಾನಮ್ಮ. ಗಂಡ ತೀರಿಕೊಂಡ ಮೇಲೆ ಬೇಕರಿಯನ್ನು ಒಬ್ಬರೇ ನಡೆಸುತ್ತಿದ್ದ ದಪ್ಪ ದನಿಯ ಹೆಂಗಸು. "ನಮ್ಮ ಹುಡುಗಿಗೆ ಕಂಪ್ಯೂಟರ್ ಬರುತ್ತಂತೆ. ಕೇಕಿನ ಆರ್ಡರ್ ತಗೊಳ್ಳೋಕೆ ಏನೋ ಒಂದು ಮಾಡಿಕೊಡ್ತೀನಿ ಅಂತಾಳೆ. ನೀನು ಸ್ವಲ್ಪ ದಾರಿ ತೋರಿಸು ಕಣಮ್ಮ," ಎಂದಿದ್ದರು. ದಾರಿ ತೋರಿಸುವುದೇನು, ನನಗಿಂತ ಚೆನ್ನಾಗಿಯೇ ಅವಳಿಗೆ ಬರುತ್ತಿತ್ತು. ಅವಳು ಬರೆದ ಕೋಡ್ ಮಡಿಸಿಟ್ಟ ಬಟ್ಟೆಯ ಹಾಗೆ ಇರುತ್ತಿತ್ತು.

"ಎಲ್ಲಿ ಕಲಿತೆ?"

"ಮನೇಲಿ ಅಕ್ಕ."

"ಯಾರು ಕಲಿಸಿದ್ದು?"

"ಮನೆಯೋರು." ಅಷ್ಟು ಹೇಳಿ ನೀರು ಕುಡಿಯಲು ಎದ್ದುಹೋದಳು.

ಅವಳಲ್ಲಿ ಒಂದು ವಿಚಿತ್ರ ಅಭ್ಯಾಸವಿತ್ತು. ಜಾಲತಾಣದ ಪುಟ ಬರೆಯುವಾಗ ತೆರೆದ ಪ್ರತಿಯೊಂದು ಟ್ಯಾಗನ್ನೂ ಮುಚ್ಚಬೇಕು, ಡಬ್ಬಿ ತೆರೆದವರು ಮುಚ್ಚಳ ಹಾಕುವ ಹಾಗೆ. ಒಂದು ಮರೆತರೂ ಪುಟ ಕಲಸಿಹೋಗುತ್ತದೆ. ಸುಲೋಚನ ಮುಚ್ಚಿದ ಪ್ರತಿ ಟ್ಯಾಗಿನ ಪಕ್ಕದಲ್ಲೂ, ನೋಡುಗರ ಕಣ್ಣಿಗೆ ಬೀಳದ ಟಿಪ್ಪಣಿಯಾಗಿ, 'ಮುಚ್ಚಿದೆ' ಎಂದು ಬರೆಯುತ್ತಿದ್ದಳು. ಪುಟದ ತುಂಬ ಮುಚ್ಚಿದೆ, ಮುಚ್ಚಿದೆ, ಮುಚ್ಚಿದೆ. ಹಾಗೆ ಬರೆಯುವವರನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

"ಇಷ್ಟೊಂದು ಸಲ ಯಾಕೆ ಬರೀತೀಯ ಮಾರಾಯ್ತಿ?" ಎಂದು ನಾನೊಂದು ದಿನ ನಗುತ್ತ ಕೇಳಿದೆ.

ಅವಳು ಪರದೆಯನ್ನೇ ನೋಡುತ್ತ ಹೇಳಿದಳು. ಗಂಡ ಲೋಕೇಶ ಮನೆಯಲ್ಲೇ ಈ ಕೆಲಸ ಮಾಡುತ್ತಿದ್ದ. ದುಡಿಮೆ ಹೆಚ್ಚಲಿ ಎಂದು ಇವಳಿಗೂ ಕಲಿಸಿದ. ತಪ್ಪಿಗೊಂದು ಏಟು. ಬರಿಗೈಯಲ್ಲಿ ಹೊಡೆದರೆ ಅವನ ಕೈ ನೋಯುತ್ತದೆಂದು ಚಾರ್ಜರಿನ ವೈರು. ಒಮ್ಮೆ ಟ್ಯಾಗೊಂದನ್ನು ಮುಚ್ಚಲು ಮರೆತಿದ್ದಳು. "ತೆರೆದಿದ್ದನ್ನ ಹೇಗೆ ಮುಚ್ಚಬೇಕು ಗೊತ್ತಾ?" ಎಂದು ಅವಳ ಕೈ ಹಿಡಿದು, ಕಿರುಬೆರಳನ್ನು ಕೋಣೆಯ ಬಾಗಿಲ ಸಂದಿಯಲ್ಲಿಟ್ಟು, ಬಾಗಿಲು ಹಾಕಿದ. ಅಂದಿನಿಂದ, ಒಂದೊಂದು ಮುಚ್ಚಿದ ಮೇಲೂ ಅವನಿಗೆ ತೋರಿಸಲು ಬರೆದಿಡುತ್ತಿದ್ದಳು.

"ಕೊನೆಗೆ ಹೊಟ್ಟೇಲಿದ್ದ ಮಗೂನೂ ಉಳೀಲಿಲ್ಲ ಅಕ್ಕ. ಒದ್ದಿದ್ದ. ಆಸ್ಪತ್ರೆಯಿಂದ ಮನೆಗೆ ಹೋಗಲೇ ಇಲ್ಲ ನಾನು. ಸಿಕ್ಕಿದ ಬಸ್ಸು ಹತ್ತಿದೆ. ಹುಡುಕಿ ಕೊಂದೇ ಕೊಲ್ತೀನಿ ಅಂತ ನಮ್ಮ ಅಮ್ಮನ ಮನೆ ಮುಂದೆ ನಿಂತು ಕೂಗಿ ಹೋಗಿದಾನಂತೆ. ನಾನೆಲ್ಲಿದೀನಿ ಅಂತ ಅಮ್ಮಂಗೂ ಹೇಳಿಲ್ಲ."

ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಅವಳು ಬೆಚ್ಚಿದಳು, ಆಮೇಲೆ, ಕೈ ನನ್ನದೇ ಎಂದು ಗೊತ್ತಾಗಿ, ಸುಮ್ಮನಾದಳು.

ಚಂಪಾಳಿಗೆ ಸೀತಾಳೆಸಿಡುಬು ಎದ್ದಿತು. ಅಂಟುಜಾಡ್ಯ, ಕೆಲವು ದಿನ ಬರಬೇಡ ಎಂದು ಸುಲೋಚನಳಿಗೆ ಹೇಳಿ ಕಳಿಸಿದೆ. ಅದೇ ಹೊತ್ತಿಗೆ ಬೇಕರಿಯ ಪುಟದಲ್ಲಿ ಅಂಗಡಿಯ ದಾರಿ ತೋರಿಸುವ ನಕ್ಷೆ ಫೋನಿನಲ್ಲಿ ಕಾಣದೆ ಸತಾಯಿಸತೊಡಗಿತು. ನನಗೆ ತೊಂದರೆ ಕೊಡುವುದು ಬೇಡವೆಂದು ಅವಳು 'ಹೊಸಬಳು' ಎಂಬ ಹೆಸರಿನಲ್ಲಿ ಅಂಗಳ ಸೇರಿ, ನಿಯಮದಂತೆ ಇಡೀ ಪುಟವನ್ನು ಹಾಕಿ, ಪ್ರಶ್ನೆ ಕೇಳಿದಳು. ಬೇಕರಿಯ ಹೆಸರು ತೆಗೆದಿದ್ದಳು. ಫೋನಿನ ಜಾಗದಲ್ಲಿ ಸೊನ್ನೆಗಳನ್ನು ಹಾಕಿದ್ದಳು.

ಮಗಳ ಮೈಗೆ ಬೇವಿನೆಲೆ ಸವರುತ್ತ ಕುಳಿತಿದ್ದ ನಾನು ಅದನ್ನು ಫೋನಿನಲ್ಲಿ ನೋಡುವಷ್ಟರಲ್ಲಿ ಪದ್ಮನಾಭ ಸರ್ ತಪ್ಪು ತಿದ್ದಿಕೊಟ್ಟಾಗಿತ್ತು. ಅಷ್ಟೇ ಅಲ್ಲ, ಅವಳ ಟಿಪ್ಪಣಿಗಳಿಗೆ ಮನಸೋತು, "ಮುಚ್ಚಿದ್ದನ್ನು ಹೀಗೆ ಗುರುತು ಮಾಡುವುದು ಎಷ್ಟು ಒಳ್ಳೆಯ ಪದ್ಧತಿ! ಎಲ್ಲರೂ ನೋಡಿ ಕಲಿಯಿರಿ," ಎಂದು ಆ ಪ್ರಶ್ನೆಯನ್ನು ಅಂಗಳದ ಮೇಲ್ತುದಿಗೆ ಏರಿಸಿಟ್ಟಿದ್ದರು. ಮೆಚ್ಚುಗೆಗಳ ಸಾಲು. ಅದರಲ್ಲಿ ಹಳೇ ಗೆಳೆಯರದೂ ಒಂದಿತ್ತು.

"ತುಂಬಾ ಅಚ್ಚುಕಟ್ಟು. ಯಾರು ಕಲಿಸಿದ್ದು, ತಂಗಿ?"

ಮಾರನೆಯ ಬೆಳಿಗ್ಗೆ ಆ ಪ್ರಶ್ನೆ ಅಲ್ಲಿರಲಿಲ್ಲ. ಗಂಜಿ ಕಾಯಿಸಿ ಬಂದು ಮತ್ತೆ ನೋಡಿದರೆ ಇತ್ತು, ಮೇಲೆ ಪದ್ಮನಾಭ ಸರ್ ಅವರ ಗದರಿಕೆಯೂ ಇತ್ತು: "ಹೊಸಬರ ಗಮನಕ್ಕೆ. ಉತ್ತರ ಸಿಕ್ಕಮೇಲೆ ಪ್ರಶ್ನೆ ಅಳಿಸುವುದು ಸ್ವಾರ್ಥ. ಮರಳಿ ಹಾಕಿದ್ದೇನೆ."

ಫೋನ್ ಹೊಡೆದುಕೊಂಡಿತು. ಸುಲೋಚನ. ಅವಳ ಹಲ್ಲು ಕಟಕಟಿಸುವುದು ನನಗೆ ಕೇಳಿಸುತ್ತಿತ್ತು.

"ಅಕ್ಕಾ, ನಾನು ಅಳಿಸಿದೆ. ಮತ್ತೆ ಹಾಕಿದಾರೆ. ಈಗ ಅಳಿಸೋಕೇ ಬಿಡ್ತಿಲ್ಲ."

"ಯಾಕೆ ಅಳಿಸ್ತೀಯ? ಏನಾಯ್ತು?"

"ಅವನು ಓದಿದಾನೆ. ಆ ಮೆಚ್ಚುಗೆಯ ಸಾಲಲ್ಲಿ ಅವನ ಮಾತು ಗುರುತು ಸಿಕ್ತು."

"ಲೋಕೇಶನಾ? ಅಂಗಳದಲ್ಲಾ? ನಿನ್ನ ಹೆಸರಿಲ್ಲ, ಬೇಕರಿ ಹೆಸರಿಲ್ಲ. ಅವನಿಗೆ ಹೇಗೆ..."

"ನನ್ನ ಬರವಣಿಗೆ ಅಕ್ಕಾ! ಮುಚ್ಚಿದೆ, ಮುಚ್ಚಿದೆ ಅಂತ ಬರೆಯೋರು ಈ ಪ್ರಪಂಚದಲ್ಲಿ ಇನ್ಯಾರಿದಾರೆ? ಮತ್ತೆ ನಕ್ಷೆ... ನಕ್ಷೆಯ ಅಂಕಿ ಹಾಗೇ ಬಿಟ್ಟಿದೀನಿ. ಬರೀ ಅಂಕಿ ಅಲ್ವಾ, ಅದು ವಿಳಾಸ ಅಂತ ಹೊಳೀಲೇ ಇಲ್ಲ."

ನಕ್ಷೆಗೆ ಜಾಗ ತೋರಿಸಲು ಕೋಡಿನಲ್ಲಿ ಉದ್ದನೆಯ ಎರಡು ಅಂಕಿಗಳನ್ನು ಬರೆಯುತ್ತೇವೆ. ಓದುವವರಿಗೆ ಅವು ಏನೂ ಅಲ್ಲ. ಆದರೆ ಫೋನಿನ ನಕ್ಷೆಗೆ ಹಾಕಿದರೆ ನೇರ ಬೇಕರಿಯ ಹೊಸ್ತಿಲಿಗೆ ತಂದು ನಿಲ್ಲಿಸುತ್ತವೆ.

"ಈಗಲೇ ಹೊರಟು ನನ್ನ ಮನೆಗೆ ಬಾ."

"ಜೂಲಿಯಾನಮ್ಮ ಒಬ್ಬರೇ ಆಗ್ತಾರೆ. ನಾನು ಸಿಗದೆ ಹೋದ್ರೆ ಅವರನ್ನ ಬಿಡ್ತಾನಾ ಅವನು? ಅವರೋ, ಬರಲಿ ನೋಡ್ಕೋತೀನಿ ಅಂತ ಕೂತಿದಾರೆ." ಅವಳು ಫೋನಿಟ್ಟಳು.

ಪದ್ಮನಾಭ ಸರ್ ಅವರಿಗೆ ಫೋನ್ ಮಾಡಿದೆ. ಅವರು ಪೂಜೆ ಮುಗಿಸಿ ಎದ್ದಿದ್ದರಂತೆ.

"ಆ ಪ್ರಶ್ನೆ ತೆಗೀರಿ ಸರ್, ಈಗಲೇ."

"ನೋಡಮ್ಮ, ಒಬ್ಬರಿಗೆ ಬಿಟ್ರೆ ಎಲ್ಲರೂ ಶುರು ಮಾಡ್ತಾರೆ. ಪದ್ಧತಿ ಅಂದ ಮೇಲೆ..."

"ಆ ಹುಡುಗೀನ ಅವಳ ಗಂಡ ಕೊಲ್ಲೋಕೆ ಹುಡುಕ್ತಾ ಇದಾನೆ. ವಿಳಾಸ ಅದರೊಳಗಿದೆ. ಅಂಗಳದಲ್ಲೇ ಇದಾನೆ ಅವನು!"

ಆ ಕಡೆಯಿಂದ ನಿಜವಾಗಿಯೂ ನೊಂದ ದನಿ: "ನಮ್ಮ ಅಂಗಳದಲ್ಲಿ ಅಂಥೋರು ಯಾರಿದಾರಮ್ಮ?"

ಅವರು ತೆಗೆದರು. ಆದರೆ ಒಂದು ಹಗಲು, ಒಂದು ರಾತ್ರಿ ಅದು ಎಲ್ಲರ ಕಣ್ಣೆದುರು ತೂಗಿತ್ತು. ಪೊಲೀಸರಿಗೆ ಫೋನ್ ಮಾಡಿದೆ. ಗಂಡ ಹೊಡೆದಿದ್ದಾನೆಯೇ, ಹೊಡೆಯುತ್ತಾನೆಂಬ ಅನುಮಾನವೇ ಎಂದು ಕೇಳಿದರು. ಮಗಳನ್ನು ಪಕ್ಕದ ಮನೆಯ ಅಜ್ಜಿಯ ಮಡಿಲಿಗೆ ಹಾಕಿ, ಹಾಕಿದ್ದ ನೈಟಿಯ ಮೇಲೆ ದುಪಟ್ಟಾ ಎಳೆದುಕೊಂಡು ಓಡಿದೆ.

ಬೇಕರಿಯ ಶಟರು ಅರ್ಧ ಇಳಿದಿತ್ತು. ಎದುರಿನ ಚಹಾ ಅಂಗಡಿಯ ಗಂಡಸರು ಲೋಟ ಹಿಡಿದು ನಿಂತು ನೋಡುತ್ತಿದ್ದರು. ಒಳಗಿನಿಂದ ಗಾಜು ಒಡೆದ ಸದ್ದು ಬಂತು.

"ಯಾರಾದ್ರೂ ಬನ್ರೋ!" ಎಂದು ಕಿರುಚಿದೆ.

"ಗಂಡ ಹೆಂಡ್ತಿ ಜಗಳ ಕಣಕ್ಕ. ನಾವೇನ್ ಮಾಡೋಕಾಗುತ್ತೆ?" ಎಂದ ಒಬ್ಬ.

ಬಗ್ಗಿ ಒಳನುಗ್ಗಿದೆ. ಗಾಜಿನ ಪೆಟ್ಟಿಗೆ ಪುಡಿಪುಡಿಯಾಗಿ ಬನ್ನುಗಳು ನೆಲದ ತುಂಬ ಹರಡಿದ್ದವು. ಜೂಲಿಯಾನಮ್ಮ ಗೋಡೆಗೊರಗಿ ಕುಸಿದಿದ್ದರು; ಬಲಗೈ ಮೊಣಕೈಯ ಕೆಳಗೆ ಬಾಗಬಾರದ ಕಡೆಗೆ ಬಾಗಿತ್ತು. ಒಲೆಯಿಂದ ಬ್ರೆಡ್ಡು ತೆಗೆಯುವ ಉದ್ದ ಕೋಲಿನ ಹಲಗೆ ಅವರ ಪಕ್ಕ ಎರಡು ತುಂಡಾಗಿ ಬಿದ್ದಿತ್ತು. "ಹಿಂದೆ... ಹಿಂದೆ ಹೋಗು," ಎಂದರು. ಬಾಯಲ್ಲಿ ರಕ್ತವಿತ್ತು.

ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುವ ಕಲ್ಲುಮೇಜು. ಅವನು ಸುಲೋಚನಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಅವಳ ತಲೆಯನ್ನು ಆ ಕಲ್ಲಿಗೆ ಅಪ್ಪಳಿಸುತ್ತಿದ್ದ. ಮತ್ತೆ. ಮತ್ತೆ. ಆ ಸದ್ದು ತೆಂಗಿನಕಾಯಿ ಒಡೆಯುವುದಲ್ಲ, ಒದ್ದೆ ಬಟ್ಟೆ ಒಗೆಯುವ ಸದ್ದು. ಕಲ್ಲಿನ ಮೇಲಿನ ಮೈದಾ ಹಿಟ್ಟು ಕೆಂಪಗೆ ಮುದ್ದೆಯಾಗುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ. ಕನ್ನಡಕ ಒಡೆಯದಿರಲೆಂದು ಬಿಚ್ಚಿ ಜೇಬಿಗಿಟ್ಟುಕೊಂಡಿದ್ದ.

ನಾನು ಹಿಂದಿನಿಂದ ಅವನ ಕೊರಳಿಗೆ ಜೋತುಬಿದ್ದೆ. ಭುಜವನ್ನು ಕಚ್ಚಿದೆ, ಅಂಗಿ ಹರಿದು ಉಪ್ಪು ಬಾಯಿಗೆ ಬರುವ ತನಕ. ಅವನು ಮೊಣಕೈಯಿಂದ ನನ್ನ ಪಕ್ಕೆಗೆ ಗುದ್ದಿದ. ಉಸಿರೇ ನಿಂತು ಸಕ್ಕರೆ ಮೂಟೆಯ ಮೇಲೆ ಬಿದ್ದೆ. ಅವನು ನನ್ನ ಕಡೆ ತಿರುಗಲೂ ಇಲ್ಲ. ಅವಳನ್ನು ಒಲೆಯ ಬಾಯಿಗೆ ಎಳೆದೊಯ್ದ. ಕಬ್ಬಿಣದ ಬಾಗಿಲು ತೆರೆದಿತ್ತು. ಒಳಗೆ ಬ್ರೆಡ್ಡಿನ ತಟ್ಟೆಗಳು, ನಿಗಿನಿಗಿ ಶಾಖ. ಅವಳ ಎಡಗೈಯನ್ನು ಹಿಡಿದು ಆ ಬಾಯಿಯತ್ತ ಒತ್ತತೊಡಗಿದ. ಸೊಟ್ಟ ಕಿರುಬೆರಳು ಬೆಂಕಿಯ ಬೆಳಕಿನಲ್ಲಿ ಮುಂದೆ ಚಾಚಿ ನಿಂತಿತ್ತು.

ಅವನು ಮಾತಾಡಿದ. ಕೂಗಲಿಲ್ಲ. ಮಗುವಿಗೆ ಅ ಆ ಬರೆಸುವವರ ಹಾಗೆ, ಎಷ್ಟು ಮೃದುವಾಗಿ.

"ಅಳ್ಬೇಡ. ತಪ್ಪು ಎಲ್ಲರಿಗೂ ಆಗುತ್ತೆ. ತಿದ್ದೋ ಕೈ ಮೆತ್ತಗಿರಬೇಕು, ಅಷ್ಟೆ. ಎಲ್ಲಿ, ನಿಧಾನವಾಗಿ."

ಆ ಮಾತನ್ನು ನಾನು ಓದಿದ್ದೆ. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓದಿ ಕಣ್ಣೊರೆಸಿಕೊಂಡಿದ್ದೆ. ಅಂಗಳದ ಹೊಸಬರೆಲ್ಲ ಕೈಹಿಡಿದು ನಡೆದದ್ದು ಈ ಕೈಯನ್ನು. ಹಳೇ ಗೆಳೆಯ.

ಸುಲೋಚನಳ ಬಲಗೈ ಬಿಡುವಾಗಿತ್ತು. ಅದು ಒಲೆಯೊಳಕ್ಕೆ ಹೋಯಿತು. ಅವನು ತಳ್ಳಿದ್ದಕ್ಕಲ್ಲ, ತಾನಾಗಿ. ಬಟ್ಟೆಯಿಲ್ಲದೆ, ಇಕ್ಕಳವಿಲ್ಲದೆ, ಕಾದ ಕಬ್ಬಿಣದ ತಟ್ಟೆಯೊಂದರ ಅಂಚನ್ನು ಹಿಡಿದು ಹೊರಗೆಳೆದಳು. ಚರ್ಮ ಚುರ್ರೆಂದಿದ್ದು ನನಗೆ ಕೇಳಿಸಿತು. ಅವನ ಹಿಡಿತದಿಂದ ಕಿತ್ತುಕೊಂಡ ಎಡಗೈಯನ್ನೂ ಸೇರಿಸಿ ಅದನ್ನೆತ್ತಿ ಅವನ ಮುಖಕ್ಕೆ ಅಡ್ಡಲಾಗಿ ಬೀಸಿದಳು. ಅವನು ಪ್ರಾಣಿಯಂತೆ ಅರಚಿ ಜಡೆ ಬಿಟ್ಟ. ಅವಳು ಬಿಡಲಿಲ್ಲ. ಇನ್ನೊಮ್ಮೆ ಬೀಸಿದಳು. ಅವನು ಮಂಡಿಯೂರಿದ. ಮತ್ತೊಮ್ಮೆ. ಬಿದ್ದವನ ಮುಖದ ಮೇಲೆ ತಟ್ಟೆಯನ್ನು ಒತ್ತಿ, ಅದರ ಮೇಲೆ ತನ್ನ ಮಂಡಿಯಿಟ್ಟು ಕೂತಳು. ಅವಳ ಬಾಯಿಂದ ಒಂದು ಮಾತೂ ಬರಲಿಲ್ಲ. ಸುಟ್ಟ ಮಾಂಸ, ಬೆಂದ ಬ್ರೆಡ್ಡು, ಎರಡೂ ಒಂದೇ ವಾಸನೆಯಾಗಿ ಕೋಣೆ ತುಂಬಿತು.

"ಸಾಕು ಸುಲೋಚನಾ. ಸಾಕು ಕಂದಾ. ಬಿಡು," ಎಂದು ತೆವಳಿಕೊಂಡು ಹೋಗಿ ಅವಳ ಸೊಂಟ ತಬ್ಬಿ ಎಳೆದೆ. ಅಂಗೈಯ ಚರ್ಮ ತಟ್ಟೆಗೆ ಅಂಟಿತ್ತು. ಬಿಡಿಸುವಾಗ ನಾನೇ ಕೂಗಿಕೊಂಡೆ.

ಅವನು ಬಿದ್ದದ್ದು ಗೊತ್ತಾದ ಮೇಲೆ ಚಹಾ ಅಂಗಡಿಯ ಗಂಡಸರು ಒಳಗೆ ಬಂದರು. ಈಗ ಎಲ್ಲರಿಗೂ ಶೌರ್ಯ. ಕಾಲು ಹಿಡಿದು ಬೀದಿಗೆ ಎಳೆದುಹಾಕಿ ಒದ್ದರು. ಒಬ್ಬ ಸೈಕಲ್ ಚೈನಿನಿಂದ ಬಾರಿಸಿದ. ಆಗಷ್ಟೇ ಗಂಡ ಹೆಂಡ್ತಿ ಜಗಳ ಎಂದವನು ಎಲ್ಲರಿಗಿಂತ ಜೋರಾಗಿ ಒದೆಯುತ್ತಿದ್ದ. ಜೂಲಿಯಾನಮ್ಮ ಮುರಿದ ಕೈಯನ್ನು ಎದೆಗವಚಿಕೊಂಡು ಹೊಸ್ತಿಲಿಗೆ ಬಂದು ಅಬ್ಬರಿಸಿದರು: "ಥೂ, ದೂರ ಹೋಗ್ರೋ ಭಂಡರಾ! ಅವನು ಬದುಕಿ ಜೈಲಿಗೆ ಹೋಗ್ಬೇಕು. ನಿಮ್ಮ ಹಬ್ಬಕ್ಕೆ ನಮ್ಮ ಬಾಗಿಲೇ ಬೇಕಿತ್ತಾ?" ಪೊಲೀಸರು ಬರುವ ತನಕ ಅವನ ಮೈಗೂ ಗುಂಪಿಗೂ ನಡುವೆ ನಿಂತಿದ್ದವರು ಅವರೇ.

ಆಸ್ಪತ್ರೆಯಲ್ಲಿ ಸುಲೋಚನಳ ಹಣೆಗೆ ಹೊಲಿಗೆ ಹಾಕಿದರು. ಎರಡೂ ಕೈಗಳಿಗೆ ದಪ್ಪಗೆ ಪಟ್ಟಿ ಸುತ್ತಿದರು. ಆ ಕಿರುಬೆರಳು ಉಳಿದವುಗಳ ಜೊತೆ ಕೂಡದೆ ಪಟ್ಟಿಯ ಹೊರಗೇ ಉಳಿಯಿತು. ಅಲ್ಲಿಂದ ಅವಳನ್ನು ನಾನು ಮನೆಗೆ ಕರೆತಂದೆ. ಚಂಪಾಳಿಗೆ ಒಂದು ತುತ್ತು, ಅವಳಿಗೊಂದು ತುತ್ತು.

ಅಂಗಳದಲ್ಲಿ ಬೇರೆಯೇ ಯುದ್ಧ ಶುರುವಾಗಿತ್ತು. ಸುದ್ದಿ ತಿಳಿದು ಕೆಲವರು ಹಳೇ ಗೆಳೆಯನ ಉತ್ತರಗಳನ್ನೆಲ್ಲ ಕಿತ್ತೆಸೆಯಿರಿ ಎಂದರು. ಕೆಲವರು, ಮನುಷ್ಯ ಬೇರೆ ಕೋಡ್ ಬೇರೆ, ಎಷ್ಟು ಜನರಿಗೆ ಕಲಿಸಿದ್ದಾನೆ ಎಂದರು. ಅವಳೇನು ಮಾಡಿದ್ದಳೋ ಎಂದು ಕೇಳಿದವರೂ ಇದ್ದರು. ಆ ಗದ್ದಲದ ನಡುವೆ ಪದ್ಮನಾಭ ಸರ್ ಬಸ್ಸು ಹತ್ತಿ ನಮ್ಮೂರಿಗೇ ಬಂದರು. ಫೋನಿನ ದನಿಯಿಂದ ನಾನು ಊಹಿಸಿದ್ದಕ್ಕಿಂತ ತೀರ ಸಣ್ಣಗಿದ್ದ ಮನುಷ್ಯ. ಕುರ್ಚಿಯ ತುದಿಯಲ್ಲಿ ಕೂತರು. ಸುಲೋಚನಳ ಕೈಗಳನ್ನು ನೋಡಿ, ನೋಟ ತೆಗೆದು, ಮತ್ತೆ ನೋಡಿದರು.

"ನಾನು ನಿಯಮ ಪಾಲಿಸಿದೆ ಅಂತ ಹೇಳೋಕೆ ಬಂದಿಲ್ಲ ತಾಯಿ. ಆ ನಿಯಮ ತೆಗೆದಿದೀನಿ. ಇನ್ಮೇಲೆ ಕೇಳಿದೋರು ಯಾವಾಗ ಬೇಕಾದ್ರೂ ಅಳಿಸಬಹುದು, ಕಾರಣ ಕೇಳಲ್ಲ. ಅವನ ಉತ್ತರಗಳನ್ನ ಏನ್ ಮಾಡಲಿ, ನೀನು ಹೇಳು. ನೀನು ಹೇಳಿದ ಹಾಗೆ."

ಅವಳು ಪಟ್ಟಿ ಸುತ್ತಿದ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

"ಉತ್ತರ ಸರಿಯಾಗೇ ಇವೆ ಸರ್. ಕಲಿಯೋರಿಗೆ ಬೇಕಾಗುತ್ತೆ," ಎಂದಳು. "ಆದ್ರೆ ಒಂದೊಂದರ ಹಿಂದೂ ನನ್ನ ಮೈ ಮೇಲೊಂದು ಬರೆ ಇದೆ. ಅವನ ಮಾತಲ್ಲಿ ಅವು ಇರೋದು ಬೇಡ. ಕೈ ವಾಸಿಯಾಗಲಿ, ಎಲ್ಲಾನೂ ನಾನೇ ಬರೀತೀನಿ. ನಾನು ಬರೆದಾದ ಮೇಲೆ ಅವನದ್ದು ತೆಗೀರಿ."

ಪದ್ಮನಾಭ ಸರ್ ತಲೆಯಾಡಿಸಿದರು.

ಮೊಕದ್ದಮೆ ಎಳೆಯಿತು. ಅವನ ಒಂದು ಕಣ್ಣು ಹೋಗಿತ್ತು. ಅದನ್ನೇ ಮುಂದಿಟ್ಟು ಅವನ ವಕೀಲರು ಅವಳನ್ನೇ ಅಪರಾಧಿ ಮಾಡಲು ನೋಡಿದರು. ಜೂಲಿಯಾನಮ್ಮ ಕಟಕಟೆಯಲ್ಲಿ ನಿಂತು, ಸೊಟ್ಟಗೆ ಕೂಡಿಕೊಂಡ ತಮ್ಮ ಕೈಯನ್ನೆತ್ತಿ ತೋರಿಸಿ, "ಇದನ್ನೂ ಅವಳೇ ಮುರಿದಳು ಅಂತೀರಾ ಸ್ವಾಮಿ?" ಎಂದರು. ನಾನೂ ಕಂಡದ್ದನ್ನು ಹೇಳಿದೆ. ಅಷ್ಟು ದಿನವೂ ಸುಲೋಚನ ನಮ್ಮ ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡುತ್ತಿದ್ದಳು. ರೆಪ್ಪೆ ಮುಚ್ಚಿದ್ದರೂ ಒಳಗೆ ಗುಡ್ಡೆಗಳು ಅಲುಗುತ್ತಿರುತ್ತಿದ್ದವು.

ತೀರ್ಪು ಬಂದದ್ದು ಒಂದು ಬೇಸಿಗೆಯಲ್ಲಿ. ಅವನಿಗೆ ದೀರ್ಘ ಜೈಲು. ಅವಳ ಮೇಲೆ ಯಾವ ತಪ್ಪೂ ಇಲ್ಲ. ಕೋರ್ಟಿನಿಂದ ಬಂದವಳು ಕಾಲು ತೊಳೆದು, ಮಜ್ಜಿಗೆ ಕುಡಿದು, ಒಂದು ಗಳಿಗೆ ಎಂದು ನಡುಮನೆಯ ಚಾಪೆಯ ಮೇಲೆ ಉರುಳಿದಳು. ನಾನು ಅಡುಗೆಮನೆಯಲ್ಲಿದ್ದೆ. ಕೈಜಾರಿ ಹಿತ್ತಾಳೆಯ ಪರಾತ ನೆಲಕ್ಕೆ ಬಿದ್ದು, ಗಿರ್ರನೆ ಸುತ್ತಿ ಸುತ್ತಿ, ಮನೆಯೆಲ್ಲ ಝಣಗುಟ್ಟಿತು. ಅದರ ಮೇಲೆ ಕಾಲಿಟ್ಟು ಸದ್ದು ನಿಲ್ಲಿಸಿ, ಉಸಿರು ಬಿಗಿಹಿಡಿದು ಬಗ್ಗಿ ನೋಡಿದೆ.

ಅವಳು ಅಲುಗಿರಲಿಲ್ಲ. ಒಂದು ಮಗ್ಗುಲಿಗೆ ಕೈಕಾಲು ಚೆಲ್ಲಿ, ಬಾಯಿ ತುಸು ತೆರೆದು ಮಲಗಿದ್ದಳು. ದಿಂಬಿನ ಮೇಲೆ, ಎಳೆಮಕ್ಕಳಿಗಾಗುವ ಹಾಗೆ, ಜೊಲ್ಲಿನ ಸಣ್ಣ ಒದ್ದೆ ಹರಡುತ್ತಿತ್ತು.